ತಪ್ಪು ಬೆರಳಿನದೋ, ಗುಂಡಿಯದೋ?

2020ರ ಸೆಪ್ಟೆಂಬರ್. ಆಫೀಸು ಬಾಗಿಲು ಹಾಕಿ ಆರು ತಿಂಗಳಾಗಿತ್ತು. ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಿ ನಾನು ಬೆಳಗಾವಿಯ ಟಿಳಕವಾಡಿಯಲ್ಲಿರೋ ಅಕ್ಕನ ಮನೆಗೆ ಬಂದು ಕೂತಿದ್ದೆ. ಊರು ಖಾನಾಪುರ ತಾಲ್ಲೂಕಿನ ಬೀಡಿ ಕಡೆ. ಆದರೆ ಅಲ್ಲಿ ಕೂತು ಕೆಲಸ ಮಾಡೋದು ಆಗದ ಮಾತು. ಅಕ್ಕನ ಮನೆಗೆ ಫೈಬರ್ ಇತ್ತು, ಇನ್ವರ್ಟರ್ ಇತ್ತು, ಹೊತ್ತಿಗೆ ಸರಿಯಾಗಿ ಚಹಾನೂ ಇತ್ತು.

ಆಗ ಪರಿಚಯದವರೊಬ್ಬರು ಒಂದು ಕೆಲಸ ಹಚ್ಚಿದರು. ಒಂದು ಎಂಜಿನಿಯರಿಂಗ್ ಕಾಲೇಜಿಗೆ 'ಹ್ಯೂಮನ್ ಫ್ಯಾಕ್ಟರ್ಸ್' ಪಾಠ ಮಾಡೋಕೆ ಇಂಡಸ್ಟ್ರಿಯವರು ಬೇಕಂತೆ, ಎಲ್ಲಾ ಆನ್‌ಲೈನ್, ವಾರಕ್ಕೆ ಎರಡು ಕ್ಲಾಸು. ಮನುಷ್ಯನ ಕಣ್ಣು, ಕೈ, ನೆನಪು, ದಣಿವು ಇವನ್ನೆಲ್ಲ ಲೆಕ್ಕಕ್ಕೆ ತಗೊಂಡು ಯಂತ್ರ, ಸಾಫ್ಟ್‌ವೇರ್, ಕೆಲಸದ ಜಾಗ ಹೇಗೆ ಕಟ್ಟಬೇಕು ಅನ್ನೋದು ಆ ವಿಷಯ. ನಾನು ದಿನಾ ಮಾಡೋ ಕೆಲಸಕ್ಕೆ ಹತ್ತಿರದ್ದು. ಒಪ್ಪಿಕೊಂಡೆ.

ಮೂರನೇ ಕ್ಲಾಸು. ಪಾಠದ ಹೆಸರು 'ಪೈಲಟ್ ಎರರ್'. ಪರದೆ ತುಂಬ ಕಪ್ಪು ಚೌಕಗಳು, ಅದರೊಳಗೆ ಹೆಸರುಗಳು. ಒಬ್ಬ ಹುಡುಗ ಮಾತ್ರ ಒಳಗೆ ಬರ್ತಾನೆ, ಹೋಗ್ತಾನೆ, ಮತ್ತೆ ಬರ್ತಾನೆ. ಪ್ರತಿ ಸಲ 'ಟಿಂಗ್' ಅಂತ ಸದ್ದು. ಹತ್ತನೇ ಸಲ ನನ್ನ ತಲೆ ಕೆಟ್ಟಿತು. "ಕೂತ್ಕೊಂಡು ಕೇಳೋ ಮನಸ್ಸಿದ್ರೆ ಇರಿ, ಇಲ್ಲಾಂದ್ರೆ ಬಿಟ್ಟುಬಿಡಿ" ಅಂದೆ. ಒಂದು ಕ್ಷಣ ಸುಮ್ಮನಿದ್ದು ಮೈಕ್ ಆನ್ ಆಯಿತು. ಹಿಂದೆ ಧೋ ಅಂತ ಮಳೆಯ ಸದ್ದು.

"ಸರ್ರಾ, ನಾ ಜಾಂಬೋಟಿ ಆಚೆ ಗುಡ್ಡದ ಮ್ಯಾಲ ಅದೀನ್ರಿ. ಮನ್ಯಾಗ ನೆಟ್‌ವರ್ಕ್ ಬರೂದಿಲ್ರಿ. ಮಳಿ ಬಂದ್ರ ಮೊಬೈಲ್ ಛತ್ರಿ ಒಳಗ ತಗೋಬೇಕ್ರಿ, ಕೆಳಗ ತಗೊಂಡ್ರ ಕಟ್ಟಾಗತೈತ್ರಿ."

ನನಗೆ ಮಾತೇ ಹೊರಡಲಿಲ್ಲ. ಆ ಹೊತ್ತಿಗೆ ನನ್ನ ಪರದೆ ಮೇಲಿದ್ದ ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದು ಇಷ್ಟೇ: 'ಬಳಸುವವನನ್ನು ಬೈಯುವ ಮೊದಲು ವ್ಯವಸ್ಥೆಯನ್ನು ನೋಡಿ.'

ಆ ಸ್ಲೈಡಿನ ಹಿಂದಿನ ಕತೆ ಎರಡನೇ ಮಹಾಯುದ್ಧದ್ದು. ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲ ಮುಟ್ಟಿದ ಮೇಲೆ ಕೆಲವು ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಎತ್ತೋ ಬದಲು ಚಕ್ರಗಳನ್ನೇ ಒಳಗೆಳೆದುಬಿಡ್ತಿದ್ದರು. ವಿಮಾನ ಹೊಟ್ಟೆ ಮೇಲೆ ಕುಸಿದು ಕೂರ್ತಿತ್ತು. ಎಲ್ಲರೂ ಹೇಳಿದ್ದು ಒಂದೇ ಮಾತು: ಪೈಲಟ್ ತಪ್ಪು. ಆಲ್ಫಾನ್ಸ್ ಚಪಾನಿಸ್ ಅನ್ನೋ ಮನೋವಿಜ್ಞಾನಿ ಕಾಕ್‌ಪಿಟ್ ಒಳಗೆ ಹೋಗಿ ನೋಡಿದ. ಚಕ್ರದ ಸ್ವಿಚ್ಚು, ಫ್ಲ್ಯಾಪಿನ ಸ್ವಿಚ್ಚು ಪಕ್ಕಪಕ್ಕದಲ್ಲಿ, ಎರಡೂ ಒಂದೇ ಥರ. ಗಂಟೆಗಟ್ಟಲೆ ಹಾರಿ ದಣಿದ ಕೈಗೆ ವ್ಯತ್ಯಾಸ ಹೇಗೆ ತಿಳೀಬೇಕು? ಒಂದರ ತುದಿಗೆ ಪುಟ್ಟ ಚಕ್ರದ ಆಕಾರ, ಇನ್ನೊಂದಕ್ಕೆ ಫ್ಲ್ಯಾಪಿನ ಆಕಾರ ಕೂರಿಸಿದರು. ಕೈ ಮುಟ್ಟಿದ ಕೂಡಲೇ ಯಾವುದು ಅಂತ ಗೊತ್ತಾಗ್ತಿತ್ತು, ತಪ್ಪು ನಿಂತಿತು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇಂಥ 460 'ಪೈಲಟ್ ತಪ್ಪು'ಗಳನ್ನು ಗುಡ್ಡೆ ಹಾಕಿ ವಿಂಗಡಿಸಿ ನೋಡಿದರು. ಹೆಚ್ಚಿನವುಗಳ ಬೇರು ಇದ್ದಿದ್ದು ಉಪಕರಣದ ವಿನ್ಯಾಸದಲ್ಲಿ.

ಇದು ಎಲ್ಲೋ ಅಮೆರಿಕದ ಕತೆ ಅನ್ನಿಸಬಹುದು. ನಮ್ಮ ಮನೆಬಾಗಿಲಿನ ಕತೆಯೂ ಇದೆ. 1990ರ ಫೆಬ್ರುವರಿ 14ರಂದು ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ವಿಮಾನದಲ್ಲಿದ್ದ 146 ಜನರಲ್ಲಿ 92 ಜನ ಸತ್ತರು. ಅದು ಏರ್‌ಬಸ್ ಎ320, ನಮ್ಮ ದೇಶಕ್ಕೆ ಬಂದು ಹೆಚ್ಚು ದಿನ ಆಗಿರದ ಕಂಪ್ಯೂಟರ್ ವಿಮಾನ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ನೇತೃತ್ವದಲ್ಲಿ ತನಿಖೆ ಆಯಿತು. ಎಂಜಿನ್‌ಗಳು ಬಹುತೇಕ ಸುಮ್ಮನಿರುವ ಸ್ಥಿತಿಗೆ ಹೋಗಿದ್ದನ್ನು ಪೈಲಟ್‌ಗಳು ಹೊತ್ತಿಗೆ ಗಮನಿಸಲಿಲ್ಲ ಅಂತ ವರದಿ ಹೇಳಿತು. ಹಾಗ್ಯಾಕಾಯ್ತು ಅನ್ನೋದಕ್ಕೆ ಅದು ಕೊಟ್ಟ ಹೆಚ್ಚು ಸಂಭವನೀಯ ಕಾರಣ ಓದಿದರೆ ಮೈ ಜುಮ್ಮೆನ್ನುತ್ತೆ: ನಿಮಿಷಕ್ಕೆ 700 ಅಡಿ ಇಳಿಯುವ ವೇಗ ಹೊಂದಿಸಬೇಕಿದ್ದ ಕೈ, ಪಕ್ಕದಲ್ಲೇ ಇದ್ದ ಎತ್ತರದ ಗುಂಡಿಯನ್ನು 700 ಅಡಿಗೆ ತಿರುಗಿಸಿರಬೇಕು. ಎರಡೂ ಗುಂಡಿಗಳು ಒಂದರ ಹತ್ತಿರ ಒಂದು. ಯುದ್ಧ ಮುಗಿದು 45 ವರ್ಷ ಕಳೆದಿತ್ತು, ಪ್ರಶ್ನೆ ಮಾತ್ರ ಅದೇ ಉಳಿದಿತ್ತು.

ಇದನ್ನೆಲ್ಲ ಪಾಠ ಮಾಡ್ತಿದ್ದವನು ನಾನು. ಗುಡ್ಡದ ಮೇಲೆ ಛತ್ರಿ ಹಿಡಿದು ನಿಂತ ಹುಡುಗನಿಗೆ 'ನಿನಗೆ ಮನಸ್ಸಿಲ್ಲ' ಅಂದವನೂ ನಾನೇ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ದೂರದಲ್ಲಿ ಕೂತು ಪಾಠ ಮಾಡೋದು ಕೊರೋನಾ ಜೊತೆ ಹುಟ್ಟಿದ್ದಲ್ಲವಲ್ಲ. ನಮ್ಮ ನಾಡಿನಲ್ಲಿ ಹಿಂದೆ ಮಾಡಿದವರು ಆ ತುದಿಯಲ್ಲಿ ಕೂತವನ ಬಗ್ಗೆ ಏನು ಯೋಚಿಸಿದ್ದರು? ಹುಡುಕುತ್ತಾ ಹೋದೆ.

ಮೊದಲು ಸಿಕ್ಕಿದ್ದು ಅಂಚೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತು. ದೆಹಲಿ ವಿಶ್ವವಿದ್ಯಾನಿಲಯ ಅದಕ್ಕೆ ಏಳು ವರ್ಷ ಮೊದಲು ಮಾಡಿತ್ತು. ಅದೇ 1969ರಲ್ಲಿ ಬ್ರಿಟನ್ನಿನಲ್ಲಿ ಓಪನ್ ಯೂನಿವರ್ಸಿಟಿ ಹುಟ್ಟಿತು. ಮೈಸೂರಿನ ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ನಮ್ಮ ಚಿಕ್ಕಪ್ಪ ಬಿಎ ಮಾಡಿದ್ದು ಹೀಗೇ. ಅಂಚೆಯಣ್ಣ ಸೈಕಲ್ ಮೇಲೆ ತಂದುಕೊಡೋ ಕಂದು ಲಕೋಟೆ. ಶೇಂಗಾ ಬಿಡಿಸೋ ಕಾಲ ಬಂದರೆ ಪುಸ್ತಕ ಅಟ್ಟಕ್ಕೆ, ಸುಗ್ಗಿ ಮುಗಿದ ಮೇಲೆ ಮತ್ತೆ ಕೆಳಕ್ಕೆ. ದೀಪ ಹೋದರೆ ಕಂದೀಲು. ಮಳೆ ಬಂದು ಅಂಚೆ ನಾಲ್ಕು ದಿನ ತಡವಾದರೆ ಪಾಠವೂ ನಾಲ್ಕು ದಿನ ತಡ, ಅಷ್ಟೇ. ಪಾಠ ತಪ್ಪಿಹೋಗ್ತಿರಲಿಲ್ಲ. ಡೌಟು ಕೇಳೋಕೆ ಯಾರೂ ಇರಲಿಲ್ಲ ಅನ್ನೋದು ಅದರ ದೊಡ್ಡ ಕೊರತೆ. ಎಷ್ಟೋ ಜನ ಅರ್ಧಕ್ಕೆ ಬಿಡ್ತಿದ್ದರು. ಆದರೆ ಅಂಚೆ ಕೇಳಿದ್ದು ತಾಳ್ಮೆ ಒಂದನ್ನೇ.

ಎರಡನೇದು ಆಕಾಶ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಎರವಲು ಕೊಟ್ಟಿತು, ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಟ್ಟಿತು. ಕರ್ನಾಟಕದಲ್ಲಿ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನು. ಬೆಳಗಾವಿ ಪಟ್ಟಿಯಲ್ಲಿರಲಿಲ್ಲ. ಕೋಳಿ ಗೂಡಿಗೆ ಹಾಕೋ ತಂತಿ ಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಆಂಟೆನಾ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯ. ಹತ್ತಾರು ಸಾವಿರ ಶಾಲಾ ಶಿಕ್ಷಕರಿಗೆ ಇದೇ ಟಿವಿಯಲ್ಲಿ ತರಬೇತಿ ಕೊಟ್ಟರು.

ಇದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಉಪಗ್ರಹ ಅಲ್ಲ. ಸೈಟ್‌ನವರು ಕೆಲವು ಹಳ್ಳಿಗಳಿಗೆ ಸಮಾಜ ವಿಜ್ಞಾನಿಗಳನ್ನು ಕಳಿಸಿದ್ದರು. ಅವರು ಅಲ್ಲೇ ತಿಂಗಳುಗಟ್ಟಲೆ ಉಳಿದು, ಟಿವಿ ಮುಂದೆ ಯಾರು ಬಂದು ಕೂರ್ತಾರೆ, ಯಾರು ಬರೋದಿಲ್ಲ, ಯಾವಾಗ ಎದ್ದು ಹೋಗ್ತಾರೆ ಅಂತ ಬರೆದುಕೊಂಡರು. ಇವತ್ತು ನಮ್ಮ ಕಂಪನಿಗಳಲ್ಲಿ 'ಯೂಸರ್ ರಿಸರ್ಚ್' ಅಂತ ಸ್ಟಿಕ್ಕರ್ ಚೀಟಿ ಅಂಟಿಸಿ ಮಾಡೋ ಕೆಲಸವನ್ನು ಇಸ್ರೋದವರು ಆಗಲೇ ಹಳ್ಳಿಯಲ್ಲಿ ಕೂತು ಮಾಡಿದ್ದರು. ವರ್ಷ ಮುಗೀತು, ಉಪಗ್ರಹ ವಾಪಸ್ ಹೋಯಿತು. ಆದರೆ ಆ ತುದಿಯಲ್ಲಿ ಕೂತು ನೋಡಬೇಕು ಅನ್ನೋ ಬುದ್ಧಿ ದಾಖಲೆಯಲ್ಲಿ ಉಳಿಯಿತು.

ಮೂರನೇದಕ್ಕೆ ನಾನೇ ಸಾಕ್ಷಿ. ಬೆಳಗಾವಿಯಿಂದ ಖಾನಾಪುರದ ಬಸ್ ಹತ್ತಿದರೆ ಮಚ್ಛೆ ಹತ್ತಿರ ವಿಟಿಯು ಕಾಣುತ್ತೆ. 'ಜ್ಞಾನ ಸಂಗಮ' ಅಂತ ಅದರ ಆವರಣದ ಹೆಸರು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾಗೋ ತನಕ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಬೇರೆಬೇರೆ ವಿಶ್ವವಿದ್ಯಾಲಯಗಳ ಕೆಳಗೆ ಹಂಚಿಹೋಗಿದ್ದವು. ವಿಟಿಯು ಬಂದ ಮೇಲೆ ಬೀದರಿನಿಂದ ಚಾಮರಾಜನಗರದ ತನಕ ಒಂದೇ ಸಿಲಬಸ್, ಒಂದೇ ಪ್ರಶ್ನೆಪತ್ರಿಕೆ. ಪತ್ರಿಕೆ ಒಂದೇ ಆಯಿತು, ಮೇಷ್ಟ್ರು ಒಂದೇ ಆಗಲಿಲ್ಲ. ದೊಡ್ಡ ಊರಿನ ಕಾಲೇಜಿನಲ್ಲಿ ಪಿಎಚ್‌ಡಿ ಮಾಡಿದವರು, ಸಣ್ಣ ಊರಿನಲ್ಲಿ ಹೋದ ವರ್ಷ ಪಾಸಾದವರು.

ಈ ಅಂತರ ತುಂಬೋಕೆ ಉಪಗ್ರಹ ಬಂತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್ ಎಜುಸ್ಯಾಟ್ ಅನ್ನು ಮೇಲಕ್ಕೊಯ್ದಿತು. ಕೇವಲ ಶಿಕ್ಷಣಕ್ಕಾಗಿಯೇ ಭಾರತ ಕಟ್ಟಿದ ಮೊದಲ ಉಪಗ್ರಹ ಅದು. ಅದು ಹಾರುವ ಮೊದಲೇ ಇನ್ಸಾಟ್-3ಬಿ ಬಳಸಿ ಪ್ರಾಯೋಗಿಕ ಹಂತಕ್ಕೆ ದೇಶದಲ್ಲಿ ಆರಿಸಿದ ಮೂರು ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿಟಿಯು ಒಂದು. ಇನ್ನೆರಡು ಮಹಾರಾಷ್ಟ್ರದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯ ಮತ್ತು ಮಧ್ಯಪ್ರದೇಶದ ರಾಜೀವ್ ಗಾಂಧಿ ತಾಂತ್ರಿಕ ವಿಶ್ವವಿದ್ಯಾಲಯ.

2006ರಲ್ಲಿ ನಮ್ಮ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಎಜುಸ್ಯಾಟ್ ಕ್ಲಾಸು ಅಂದರೆ ಒಂಥರಾ ಸಂಭ್ರಮ. ಛಾವಣಿ ಮೇಲೆ ಬಿಳಿ ಡಿಶ್, ಕೆಳಗೆ ಪ್ರೊಜೆಕ್ಟರ್, ನೂರಕ್ಕೂ ಹೆಚ್ಚು ಹುಡುಗರು. ಸ್ಟುಡಿಯೊದಲ್ಲಿ ನಿಂತ ಪ್ರೊಫೆಸರ್ ನಿಜಕ್ಕೂ ಚೆನ್ನಾಗಿ ಹೇಳೋರು. ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ನನಗೆ ಅರ್ಥ ಆಗಿದ್ದು ಅಲ್ಲೇ. ಪ್ರಶ್ನೆ ಕೇಳೋಕೂ ವ್ಯವಸ್ಥೆ ಇತ್ತು. ಆದರೆ ಉಪಗ್ರಹ ಇರೋದು 36,000 ಕಿಲೋಮೀಟರ್ ಮೇಲೆ. ಮಾತು ಹತ್ತಿ ಇಳಿಯೋಕೆ ಕಾಲು ಸೆಕೆಂಡು, ಉತ್ತರ ವಾಪಸ್ ಬರೋಕೆ ಇನ್ನೊಂದು ಕಾಲು ಸೆಕೆಂಡು. ಅರ್ಧ ಸೆಕೆಂಡು ಏನು ಮಹಾ ಅನ್ನಬೇಡಿ. ಎದುರಾಬದುರು ಮಾತಾಡುವಾಗ ನಾವು ಒಬ್ಬರ ಮಾತು ಮುಗಿದ ಕೂಡಲೇ ಇನ್ನೊಬ್ಬರು ಎತ್ತಿಕೊಳ್ತೀವಿ. ಅರ್ಧ ಸೆಕೆಂಡು ಖಾಲಿ ಬಿದ್ದರೆ 'ಅವರಿಗೆ ಕೇಳಿಸಲಿಲ್ಲ' ಅಂತ ಮತ್ತೆ ಬಾಯಿ ತೆಗೀತೀವಿ, ಅಷ್ಟರಲ್ಲಿ ಅವರ ಉತ್ತರ ಬಂದು ಡಿಕ್ಕಿ ಹೊಡೆಯುತ್ತೆ. ಎರಡು ಸಲ ಹೀಗಾದರೆ ಹಳ್ಳಿ ಹುಡುಗ, ಅದೂ ಇಂಗ್ಲಿಷಿನಲ್ಲಿ, ಅದೂ ನೂರು ಜನರ ಮುಂದೆ, ಮೂರನೇ ಸಲ ಮೈಕ್ ಮುಟ್ಟೋದಿಲ್ಲ. ನಾನಂತೂ ಮುಟ್ಟಲಿಲ್ಲ. 'ನಮ್ಮ ಹುಡುಗರಿಗೆ ಕೇಳೋ ಆಸಕ್ತಿ ಇಲ್ಲ' ಅಂತ ಸ್ಟಾಫ್ ರೂಮಿನಲ್ಲಿ ತೀರ್ಮಾನ ಆಯಿತು.

ಇನ್ನೊಂದು ಸಮಸ್ಯೆ ಮಳೆ. ಡಿಶ್ ಚಿಕ್ಕದಾಗಿ, ಕಡಿಮೆ ಖರ್ಚಿನಲ್ಲಿ ಇರಲಿ ಅಂತ ಇಂಥ ಜಾಲಗಳಿಗೆ ಕೆಯು ಬ್ಯಾಂಡ್ ತರಂಗ ಬಳಸ್ತಾರೆ. ಅದರ ಅಲೆಯುದ್ದ ಎರಡು, ಎರಡೂವರೆ ಸೆಂಟಿಮೀಟರ್. ದಪ್ಪ ಮಳೆಹನಿ ಆ ತರಂಗವನ್ನು ಹೀರಿಕೊಳ್ಳುತ್ತೆ, ಚದುರಿಸುತ್ತೆ. ಜೋರು ಮಳೆ ಹಿಡಿದರೆ ಪ್ರೊಫೆಸರ್ ಮುಖ ಚೌಕಚೌಕವಾಗಿ ಒಡೆದು ನಿಂತುಬಿಡೋದು. ಸಹ್ಯಾದ್ರಿ ಸೆರಗಿನ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅಂದರೆ ಅರ್ಧ ಸೆಮಿಸ್ಟರ್. 2010ರಲ್ಲಿ ಎಜುಸ್ಯಾಟ್ ಸೇವೆ ಮುಗಿಸಿತು. ಅಷ್ಟರಲ್ಲಿ ಐಐಟಿ ಮತ್ತು ಐಐಎಸ್‌ಸಿಗಳು ಸೇರಿ 2003ರಲ್ಲಿ ಶುರು ಮಾಡಿದ್ದ ಎನ್‌ಪಿಟಿಇಎಲ್ ವಿಡಿಯೋಗಳು ಹಾಸ್ಟೆಲಿನಲ್ಲಿ ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಓಡಾಡ್ತಿದ್ದವು. ಪೆನ್‌ಡ್ರೈವ್ ಅಂದರೆ ಒಂದು ಲೆಕ್ಕದಲ್ಲಿ ನಮ್ಮ ಚಿಕ್ಕಪ್ಪನ ಕಂದು ಲಕೋಟೆಯೇ: ಬೇಕಾದಾಗ ತೆಗೆ, ಬೇಡವಾದಾಗ ಇಡು, ಅರ್ಥ ಆಗದಿದ್ದರೆ ಹಿಂದಕ್ಕೆ ಹೋಗು.

ಆಮೇಲೆ 2020. ಇಡೀ ರಾಜ್ಯದ ತರಗತಿ ರಾತ್ರೋರಾತ್ರಿ ಮೊಬೈಲಿಗೆ ಬಂತು. ಚಂದನ ವಾಹಿನಿಯಲ್ಲಿ ಶಾಲಾ ಪಾಠ, ಗುಡಿ ಜಗಲಿಯಲ್ಲಿ ವಿದ್ಯಾಗಮ, ಕಾಲೇಜಿನವರಿಗೆ ವಿಡಿಯೋ ಕಾಲ್.

ಈ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿದಾಗ ನನಗೆ ಒಂದು ವಿಷಯ ಹೊಳೆಯಿತು. ಪ್ರತಿ ಹೆಜ್ಜೆಗೂ ಪಾಠ ಹೆಚ್ಚು ಚುರುಕಾಯಿತು. ಜೊತೆಜೊತೆಗೆ ಆ ತುದಿಯವನ ಹೆಗಲ ಮೇಲಿನ ಹೊರೆಯೂ ಏರಿತು. ಅಂಚೆಗೆ ಬೇಕಿದ್ದಿದ್ದು ತಾಳ್ಮೆ. ಸೈಟ್‌ಗೆ ಬೇಕಿದ್ದಿದ್ದು ನೀವು ಎದ್ದು ಶಾಲೆ ತನಕ ಬರೋದು. ಟಿವಿ, ಆಂಟೆನಾ, ರಿಪೇರಿ ಎಲ್ಲ ಸರ್ಕಾರದ್ದು. ಎಜುಸ್ಯಾಟ್‌ಗೆ ಬೇಕಿದ್ದಿದ್ದು ಗೊತ್ತಾದ ಗಂಟೆಗೆ ಹಾಲಿನಲ್ಲಿ ಕೂರೋದು, ಡಿಶ್ ಕಾಲೇಜಿಂದು. 2020ರ ಕ್ಲಾಸಿಗೆ ಮೊಬೈಲ್, ಡೇಟಾ, ಕರೆಂಟು, ಸಿಗ್ನಲ್, ಸದ್ದಿಲ್ಲದ ಒಂದು ಕೋಣೆ, ಇವೆಲ್ಲ ಒಂದೇ ಹೊತ್ತಿಗೆ ಬೇಕು. ಎಲ್ಲವನ್ನೂ ಹುಡುಗನೇ ಹೊಂದಿಸಬೇಕು. ಯಾವುದು ಕೈಕೊಟ್ಟರೂ ಹಾಜರಾತಿ ಹಾಳೆಯಲ್ಲಿ ಬೀಳೋದು ಅವನ ಹೆಸರಿನ ಮುಂದೆ ಗೈರು.

ದೂರ ಶಿಕ್ಷಣದ ಬಗ್ಗೆ ಬರೆದ ಮೈಕೆಲ್ ಮೂರ್ ಅನ್ನೋ ವಿದ್ವಾಂಸ ಒಂದು ಮಾತು ಹೇಳ್ತಾನೆ. ಮೇಷ್ಟ್ರಿಗೂ ವಿದ್ಯಾರ್ಥಿಗೂ ಇರೋ ದೂರವನ್ನು ಮೈಲಿಯಲ್ಲಿ ಅಳೀಬಾರದು, ಅವರ ನಡುವೆ ಎಷ್ಟು ಮಾತುಕತೆಗೆ ಜಾಗ ಇದೆ, ಪಾಠ ಎಷ್ಟು ಬಗ್ಗುತ್ತೆ ಅನ್ನೋದರಲ್ಲಿ ಅಳೀಬೇಕು ಅನ್ನೋದು ಅದರ ಸಾರ. ಟಿಳಕವಾಡಿಯಿಂದ ಜಾಂಬೋಟಿ ಬಸ್ಸಿನಲ್ಲಿ ಹೋಗಿಬರೋ ದೂರ. ನನ್ನ ಕ್ಲಾಸಿನಲ್ಲಿ ಅದು 36,000 ಕಿಲೋಮೀಟರ್‌ಗಿಂತ ಹೆಚ್ಚಾಗಿತ್ತು.

ಮಾರನೇ ವಾರ ಆ ಹುಡುಗನಿಗೆ ಫೋನ್ ಹಚ್ಚಿ ಮೊದಲು ಕ್ಷಮೆ ಕೇಳಿದೆ. "ಅಯ್ಯ, ಇರ್ಲಿ ಬಿಡ್ರಿ ಸರ್ರಾ" ಅಂದ. ಆಮೇಲೆ ಕೇಳಿದೆ: ನಿನಗೆ ಹೇಗೆ ಕಳಿಸಿದರೆ ಅನುಕೂಲ? ಸೈಟ್‌ನವರು 1975ರಲ್ಲಿ ಕೇಳಿದ ಪ್ರಶ್ನೆ, ನಾನು ಮೂರನೇ ವಾರದಲ್ಲಿ ಕೇಳಿದೆ. ಅವನು ಗುಡ್ಡಕ್ಕೆ ಹೋಗೋದು ಸಂಜೆ, ದನ ಹೊಡ್ಕೊಂಡು ಬರುವಾಗ. ಆಗ ಐದು ನಿಮಿಷ ನೆಟ್‌ವರ್ಕ್ ಸಿಕ್ಕರೆ ಸಾಕು, ಏನಿದ್ದರೂ ಇಳಿಸಿಕೊಳ್ತಾನೆ. ಹಾಗಾಗಿ ಪಾಠವನ್ನು ಹತ್ತು ಹತ್ತು ನಿಮಿಷದ ಆಡಿಯೋ ಮಾಡಿದೆ. ಸ್ಲೈಡ್ ಬದಲು ಒಂದೇ ಪುಟದ ಚಿತ್ರ. ಲೈವ್ ಕ್ಲಾಸು ವಾರಕ್ಕೆ ಒಂದಕ್ಕೆ ಇಳಿಸಿ, ಅದರಲ್ಲಿ ಬರೀ ಪ್ರಶ್ನೆ-ಉತ್ತರ. ಕನ್ನಡ, ಮರಾಠಿ, ಇಂಗ್ಲಿಷ್ ಯಾವುದರಲ್ಲಾದರೂ ಕೇಳಿ ಅಂದೆ. ಭಾನುವಾರ ಮಧ್ಯಾಹ್ನ ಎರಡು ತಾಸು ಸಾದಾ ಫೋನು. ತಮಾಷೆ ಏನಂದರೆ ಬೆಂಗಳೂರು, ಹುಬ್ಬಳ್ಳಿಯಲ್ಲಿ ವೈಫೈ ಇಟ್ಟುಕೊಂಡು ಕೂತವರೂ ಆಡಿಯೋ ಕೇಳೋಕೆ ಹತ್ತಿದರು. ಗುಡ್ಡದವನಿಗೆ ಅಂತ ಮಾಡಿದ ಬಾಗಿಲಿನಲ್ಲಿ ಎಲ್ಲರೂ ಒಳಗೆ ಬಂದರು.

ಸೆಮಿಸ್ಟರ್ ಕೊನೆಗೆ ಒಂದು ಅಸೈನ್‌ಮೆಂಟ್: ನಿಮ್ಮ ಸುತ್ತಲಿನ ಯಾವುದಾದರೂ ಉಪಕರಣ ಮನುಷ್ಯನ ಮೈಗೆ ಹೇಗೆ ಹೊಂದುತ್ತೆ, ಹೇಗೆ ಹೊಂದಲ್ಲ ಅಂತ ಬರೀರಿ. ಹೆಚ್ಚಿನವರು ಫುಡ್ ಡೆಲಿವರಿ ಆಪ್ ಬಗ್ಗೆ ಬರೆದರು. ಇವನು ನೋಟ್‌ಬುಕ್ ಹಾಳೆಯ ಫೋಟೋ ಕಳಿಸಿದ. ಪೆನ್ಸಿಲಿನಲ್ಲಿ ಕುಂಬಾರನ ತಿಗರಿ. ಖಾನಾಪುರ ಮಣ್ಣಿನ ಕೆಲಸಕ್ಕೆ, ಹಂಚಿಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಹಳೇ ತಿಗರಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಬಗ್ಗಿ, ಕೋಲಿನಿಂದ ಗಾಲಿ ತಿರುಗಿಸಬೇಕು. ವೇಗ ಇಳಿದಾಗೆಲ್ಲ ಮತ್ತೆ ಎದ್ದು ತಿರುಗಿಸಬೇಕು. ಕರೆಂಟಿನ ತಿಗರಿಯಲ್ಲಿ ಎತ್ತರಕ್ಕೆ ಕೂರಬಹುದು, ಎರಡೂ ಕೈ ಮಣ್ಣಿನ ಮೇಲೇ ಇರುತ್ತೆ. ಸೊಂಟದ ಬಾಗು, ಮೊಣಕಾಲಿನ ಕೋನ ಎಲ್ಲ ಗುರುತು ಹಾಕಿದ್ದ. ಕೆಳಗೆ ಒಂದು ಸಾಲು: ಮಡಕೆ ಸೊಟ್ಟ ಆದರೆ ಎಲ್ಲರೂ ಕುಂಬಾರನಿಗೆ ಬೈತಾರೆ, ತಿಗರಿಗೆ ಯಾರೂ ಬೈಯಲ್ಲ.

ಪೂರ್ತಿ ಅಂಕ ಕೊಟ್ಟೆ. ಆ ವಿಷಯದ ಹಾಜರಾತಿಗೆ ಅಸೈನ್‌ಮೆಂಟನ್ನೇ ಲೆಕ್ಕ ಹಿಡೀರಿ ಅಂತ ಕಾಲೇಜಿಗೆ ಮೂರು ಮೇಲ್ ಬರೆದೆ, ಒಪ್ಪಿದರು. ಬಾಕಿ ವಿಷಯಗಳಲ್ಲಿ ಆ್ಯಪ್ ತೋರಿಸಿದ ನಿಮಿಷಗಳೇ ಅಂತಿಮ. ಎರಡರಲ್ಲಿ ಅವನು ಹಿಂದೆ ಬಿದ್ದ, ಮುಂದಿನ ವರ್ಷ ಬರೆದು ಪಾಸಾದ.

ಈಗಲೂ ಊರಿಗೆ ಹೋಗುವಾಗ ಬಸ್ಸು ಮಚ್ಛೆ ದಾಟುತ್ತೆ, ಜ್ಞಾನ ಸಂಗಮದ ಗೇಟು ಹಿಂದಕ್ಕೆ ಸರಿಯುತ್ತೆ. ಅಲ್ಲಿಂದ ಮುಂದೆ ಫೋನಿನ ಮೇಲಿನ ಕಡ್ಡಿಗಳು ಒಂದೊಂದಾಗಿ ಕಡಿಮೆ ಆಗೋದನ್ನ ಎಣಿಸ್ತಾ ಕೂರ್ತೀನಿ. ಮೀಟಿಂಗಿನಲ್ಲಿ ಯಾರಾದರೂ 'ಯೂಸರ್‌ಗೆ ಅಷ್ಟೂ ಗೊತ್ತಾಗಲ್ವಾ' ಅಂದಾಗ ಮೊದಲು ನಾನೂ ನಗ್ತಿದ್ದೆ. ಈಗ ಕೇಳ್ತೀನಿ: ಅವರು ಎಲ್ಲಿ ನಿಂತಿದ್ದಾರೆ, ಅಲ್ಲಿ ಮಳೆ ಬರ್ತಿದೆಯಾ?